ಡಾಕ್ಟರ್ ಹ್ಯಾಡ್ಲಿ ಹೇಳಿದ್ದು, ನಾನು ಬರೆದದ್ದು

ನಮ್ಮ ಕ್ಲಿನಿಕ್ಕಿನ ವೆಬ್‌ಸೈಟಿನಲ್ಲಿ ಡಾಕ್ಟರ್ ಕ್ಲೈವ್ ಹ್ಯಾಡ್ಲಿಯವರ ಜೀವನ ನಾಲ್ಕು ಸಾಲಿನಲ್ಲಿ ಮುಗಿದಿತ್ತು. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಓದಿದ್ದು ಲೀಡ್ಸಿನಲ್ಲಿ, ಕೀಲುರೋಗಗಳ ತಜ್ಞ, ಹವ್ಯಾಸ ದೋಣಿ ನಡೆಸುವುದು. ಇದರಲ್ಲಿ ದೋಣಿಯದು ಸುಳ್ಳು. ವೆಬ್‌ಸೈಟ್ ಮಾಡಿದವರು ಪ್ರತಿ ವೈದ್ಯರಿಗೂ ಒಂದು ಹವ್ಯಾಸ ಕೇಳಿದ್ದರು. ಇವರು ಉತ್ತರ ಕೊಡಲಿಲ್ಲವೆಂದು ತಾವೇ ಒಂದನ್ನು ಹಾಕಿಬಿಟ್ಟರು. ಏಳು ವರ್ಷ ಅದು ಹಾಗೇ ಇತ್ತು. ಡಾಕ್ಟರಿಗೆ ನೀರು ಕಂಡರೆ ಆಗುವುದಿಲ್ಲ.

ಕಳೆದ ಅಕ್ಟೋಬರಿನಲ್ಲಿ ಅವರನ್ನು ಬೀಳ್ಕೊಡಲು ಫೀಕಾ ಇಟ್ಟುಕೊಂಡಿದ್ದೆವು. ಫೀಕಾ ಎಂದರೆ ಕಾಫಿ, ದಾಲ್ಚಿನ್ನಿ ಬನ್ನು, ಮತ್ತು ಕೆಲಸದ ಮಾತು ಆಡದೆ ಕಾಲು ಗಂಟೆ ಕೂರುವುದು. ಮುಖ್ಯ ನರ್ಸ್ ಓಸಾ ನನ್ನ ಮೇಜಿಗೆ ಬಂದು, "ಕ್ಲೈವ್ ಬಗ್ಗೆ ಒಂದು ಪುಟ ಬರೆದು ಓದು. ಅವನ ಧ್ವನಿಯನ್ನು ಅವನ ಹೆಂಡತಿಗಿಂತ ಜಾಸ್ತಿ ಕೇಳಿರೋಳು ನೀನೇ" ಎಂದಳು. ಬರೆದೆ. ಸ್ವೀಡಿಷ್‌ನಲ್ಲಿ ಒಂದು ಪುಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಪುಟದಲ್ಲಿ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆಯಲು ಕಾರಣ ಭಾಷಾಭಿಮಾನವೇನಲ್ಲ. ಕ್ಲಿನಿಕ್ಕಿನಲ್ಲಿ ಯಾರಿಗೂ ಇದನ್ನು ಓದಲು ಬರುವುದಿಲ್ಲ. ರೋಗಿಯ ಹೆಸರನ್ನು ಬದಲಿಸಿದ್ದೇನೆ, ಕ್ಲಿನಿಕ್ಕಿನ ಹೆಸರನ್ನು ಹೇಳುವುದಿಲ್ಲ.

ನನ್ನ ಹೆಸರು ಆಬಿದಾ. ನಾನು ಅಲ್ಲಿ ಮೆಡಿಕಲ್ ಸೆಕ್ರೆಟರಿ. ಸ್ವೀಡನ್ನಿನಲ್ಲಿ ವೈದ್ಯರು ರೋಗಿಯನ್ನು ನೋಡಿದ ಮೇಲೆ ತಮ್ಮ ಟಿಪ್ಪಣಿಯನ್ನು ಬರೆಯುವುದಿಲ್ಲ, ಒಂದು ಪುಟ್ಟ ಮೈಕಿಗೆ ಹೇಳುತ್ತಾರೆ. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಟೈಪ್ ಮಾಡುತ್ತೇನೆ. ವೈದ್ಯರು ಓದಿ ಸಹಿ ಹಾಕಬೇಕು. ಓದುತ್ತಾರೆಂಬುದು ನಿಯಮ. ಸಹಿ ಹಾಕುತ್ತಾರೆಂಬುದು ನಿಜ.

ಡಾಕ್ಟರ್ ಹ್ಯಾಡ್ಲಿಯವರ ಬಗ್ಗೆ ಮೊದಲು ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಅವರು ದೊಡ್ಡ ಮನುಷ್ಯರು. ಗಣಿ ಕಾರ್ಮಿಕರ ಊರೊಂದರಲ್ಲಿ ಅಪ್ಪನದು ಮಾಂಸದ ಅಂಗಡಿ. ಕೀಲು ಎಂದರೇನೆಂದು ತಾನು ಮೊದಲು ನೋಡಿದ್ದು ಅಪ್ಪನ ಹಲಗೆಯ ಮೇಲೆಯೇ ಎಂದು ಅವರು ಫೀಕಾದಲ್ಲಿ ಹೇಳಿದಾಗ ಇಬ್ಬರು ಸಸ್ಯಾಹಾರಿ ನರ್ಸುಗಳು ಎದ್ದು ಹೋದರು. ಲೀಡ್ಸಿನಲ್ಲಿ ಓದಿ, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹದಿನೇಳು ವರ್ಷ ವಿಭಾಗದ ಮುಖ್ಯಸ್ಥರಾಗಿದ್ದರು. ಸರ್ಕಾರದ ಎರಡು ಸಮಿತಿಗಳಲ್ಲಿದ್ದರು. ಹೆಸರಿನ ಮುಂದೆ ಬರೆದುಕೊಳ್ಳುವ ಅಕ್ಷರಗಳು ಹೆಸರಿಗಿಂತ ಉದ್ದ. ರೋಗಿ ಬಾಗಿಲು ತೆರೆಯುವ ರೀತಿ ನೋಡಿಯೇ ಯಾವ ಬೆರಳು ನೋಯುತ್ತಿದೆ ಎಂದು ಹೇಳಬಲ್ಲರೆಂಬ ಖ್ಯಾತಿ ಇತ್ತು. ಅದು ಸುಳ್ಳಲ್ಲ, ನಾನೇ ನೋಡಿದ್ದೇನೆ. ಐವತ್ತೆಂಟನೇ ವಯಸ್ಸಿನಲ್ಲಿ ಎಲ್ಲ ಬಿಟ್ಟು, ಹೆಂಡತಿ ಬಿರ್ಗಿಟ್ಟಾಳ ತವರಿಗೆಂದು ಸ್ವೀಡನ್ನಿಗೆ ಬಂದರು.

ಇಲ್ಲಿ ಅವರು ಕ್ಲೈವ್. ಈ ದೇಶದಲ್ಲಿ ಸರ್ ಇಲ್ಲ, ಡಾಕ್ಟರ್ ಇಲ್ಲ, ಪ್ರಧಾನಿಯನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಅಡುಗೆಮನೆಯ ಗೋಡೆಯ ಮೇಲೆ ಪಾತ್ರೆ ತೊಳೆಯುವ ಯಂತ್ರಕ್ಕೆ ಯಾವ ವಾರ ಯಾರ ಸರದಿ ಎಂಬ ಪಟ್ಟಿ ಇತ್ತು. ವಾರ ಹದಿನಾಲ್ಕು, ಕ್ಲೈವ್. ಅವರು ಕೋಟು ಕಳಚಿ, ತೋಳು ಮಡಿಸಿ, ಎಲ್ಲರ ಕಪ್ಪುಗಳನ್ನೂ ಸಾಲಾಗಿ ಜೋಡಿಸುತ್ತಿದ್ದರು. ಇಡೀ ಕಟ್ಟಡದಲ್ಲಿ ನಾನೊಬ್ಬಳೇ ಅವರನ್ನು ಡಾಕ್ಟರ್ ಎನ್ನುತ್ತಿದ್ದದ್ದು. ಕ್ಲೈವ್ ಎನ್ನಲು ಪ್ರಯತ್ನಿಸಿದೆ. ದಾವಣಗೆರೆಯ ಶಾಲೆಯಲ್ಲಿ ಓದಿದ ಇತಿಹಾಸದ ಪಾಠದಲ್ಲಿ ಒಬ್ಬ ಕ್ಲೈವ್ ಇದ್ದ, ಅವನ ಹೆಸರಿನ ಜೊತೆ ನಯವಾದ ಮಾತೇ ಬಾಯಿಗೆ ಬರಲಿಲ್ಲ.

ನನ್ನ ಕಥೆ ಬೇಗ ಮುಗಿಯುತ್ತದೆ. ಬಿ.ಎಸ್ಸಿ. ಮುಗಿಸಿ ಬೆಂಗಳೂರಿಗೆ ಬಂದವಳು ಜಯನಗರದ ಒಂದು ಟ್ರಾನ್ಸ್‌ಕ್ರಿಪ್ಷನ್ ಕಂಪನಿಯಲ್ಲಿ ಆರು ವರ್ಷ ಕೆಲಸ ಮಾಡಿದೆ. ಅಮೆರಿಕದ ಡಾಕ್ಟರುಗಳು ಚಿಪ್ಸ್ ತಿನ್ನುತ್ತಾ, ಕಾರು ಓಡಿಸುತ್ತಾ ಹೇಳಿದ್ದನ್ನು ನಾವು ಟೈಪ್ ಮಾಡುತ್ತಿದ್ದೆವು. ಅರ್ಥವಾಗದಿದ್ದರೆ ಖಾಲಿ ಜಾಗ ಬಿಡಬಹುದಿತ್ತು. ಆದರೆ ಪ್ರತಿ ಖಾಲಿ ಜಾಗಕ್ಕೂ ಅಂಕ ಕಡಿಮೆಯಾಗುತ್ತಿತ್ತು. ನಮ್ಮ ಮೇಲ್ವಿಚಾರಕರಾದ ರಮಾನಂದ ಸರ್ ಪ್ರತಿ ಸೋಮವಾರ ಒಂದೇ ಭಾಷಣ ಮಾಡುತ್ತಿದ್ದರು. "ನೋಡ್ರಮ್ಮಾ, ಡಾಕ್ಟ್ರು ಮಿಸ್ಟೇಕ್ ಮಾಡೇ ಮಾಡ್ತಾರೆ. ಸೈಲೆಂಟಾಗಿ ಸರಿ ಮಾಡ್ಬೇಕು. ಮಿಸ್ಟೇಕ್ ಮಾಡ್ದೆ ಅಂತ ಅವರಿಗೆ ಗೊತ್ತೇ ಆಗ್ಬಾರ್ದು. ಅದಕ್ಕೇ ಕ್ವಾಲಿಟಿ ಅನ್ನೋದು." ನಾನು ಮೂರು ಸಲ ಕ್ವಾಲಿಟಿ ಸ್ಟಾರ್ ಆದೆ. ಮೂರು ಗೋಡೆ ಗಡಿಯಾರ ಕೊಟ್ಟರು.

ಗಂಡ ಜಹೀರ್‌ಗೆ ಇಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿ ಸ್ಟಾಕ್‌ಹೋಮಿನ ಪಕ್ಕದ ಸುಂಡ್‌ಬೀಬರ್ಯ್‌ಗೆ ಬಂದೆವು. ಮಗಳು ಮಹ್ವಿಶ್ ದಾಗಿಸ್ ಸೇರಿದಳು, ಅಂದರೆ ಶಿಶುವಿಹಾರ. ಮೂರು ತಿಂಗಳಲ್ಲಿ ಅಲ್ಲಿಂದ ಸ್ವೀಡಿಷ್ ಕಲಿತು ಬಂದು ನನ್ನನ್ನು ತಿದ್ದತೊಡಗಿದಳು. ನಾನು ಭಾಷೆ ಕಲಿತು, ಆಮೇಲೆ ಎರಡು ವರ್ಷದ ಸೆಕ್ರೆಟರಿ ಕೋರ್ಸು ಮಾಡಿದೆ. ಅಲ್ಲಿನ ಪಾಠ ಬೇರೆ. ವೈದ್ಯರು ಹೇಳಿದ್ದು ತಪ್ಪೆನಿಸಿದರೆ ಗುರುತು ಹಾಕಿ ಅವರಿಗೇ ವಾಪಸ್ ಕಳಿಸಬೇಕು, ನೀವಾಗಿ ತಿದ್ದಬಾರದು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂತು. ಸರಿಯಾಗಿ ಉತ್ತರ ಬರೆದು ಪೂರ್ತಿ ಅಂಕ ಪಡೆದೆ. ಆ ಉತ್ತರವನ್ನು ಒಂದು ದಿನವೂ ನಂಬಲಿಲ್ಲ.

ಕಳೆದ ವರ್ಷ ಫೆಬ್ರವರಿಯಲ್ಲಿ ಡಾಕ್ಟರ್ ಎಡ ಮೊಣಕಾಲನ್ನು ಬಲ ಎಂದರು. ಇದನ್ನು ಎಲ್ಲರೂ ಮಾಡುತ್ತಾರೆ. ಮೊದಲ ಸಾಲಿನಲ್ಲಿ ಎಡ ಎಂದಿದ್ದರಿಂದ ಕೆಳಗೂ ಎಡ ಎಂದು ಮಾಡಿದೆ. ಮುಂದಿನ ವಾರ ಒಬ್ಬನೇ ರೋಗಿಯ ಬಗ್ಗೆ ಗಂಟೆಯ ಅಂತರದಲ್ಲಿ ಎರಡು ಸಲ ಹೇಳಿದರು. ಎರಡನೆಯದು ಇನ್ನೂ ಚೆನ್ನಾಗಿತ್ತು, ಅದನ್ನು ಇಟ್ಟುಕೊಂಡು ಮೊದಲನೆಯದನ್ನು ಅಳಿಸಿದೆ. ಮಾರ್ಚಿನಲ್ಲಿ ಒಂದು ಡಿಕ್ಟೇಷನ್ನಿನ ನಡುವೆ ಅರ್ಧ ನಿಮಿಷ ಸದ್ದಿಲ್ಲ. ಆಮೇಲೆ ಮೊದಲಿನಿಂದ ಶುರು ಮಾಡಿದರು, ಬೇರೆ ರೋಗಿಯ ಹೆಸರಿನಲ್ಲಿ. ಹಳೆಯ ಫೈಲು ತೆಗೆದು ನೋಡಿ ಹೆಸರು ಸರಿಪಡಿಸಿದೆ. ಒಮ್ಮೆ ಗುಳಿಗೆಯೊಂದರ ಹೆಸರು ಹೇಳಿದರು. ಅದು ಮಾರುಕಟ್ಟೆಯಿಂದ ಹೋಗಿ ಇಪ್ಪತ್ತು ವರ್ಷವಾಗಿತ್ತು. ಅದರ ಜಾಗಕ್ಕೆ ಈಗ ಯಾವುದನ್ನು ಕೊಡುತ್ತಾರೋ ಅದನ್ನು ಬರೆದೆ.

ಲೆಕ್ಕ ಮಾತ್ರ ಇಟ್ಟುಕೊಂಡೆ, ಒಂದನ್ನೂ ವಾಪಸ್ ಕಳಿಸಲಿಲ್ಲ. ಲಂಡನ್ನಿನಲ್ಲಿ ದೊಡ್ಡ ದೊಡ್ಡವರಿಗೆ ಪಾಠ ಹೇಳಿದವರು. ಅವರ ಮುಂದೆ ಹೋಗಿ, ಡಾಕ್ಟ್ರೇ ಇದು ತಪ್ಪು ಎನ್ನಲು ನಾನು ಯಾರು? ಹಾಗೆ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಒಳಗೊಳಗೆ ಹೆಮ್ಮೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಅವರು ಒಂದು ಸಲ ಎಲ್ಲರೆದುರು, "ಆಬಿದಾ ಬರೆದದ್ದನ್ನು ಓದುವುದು ಸಮಯ ಹಾಳು" ಎಂದಿದ್ದರು. ಅದು ಹೊಗಳಿಕೆ. ನಾನು ಮನೆಗೆ ಬಂದು ಅದನ್ನು ಎರಡು ಸಲ ಹೇಳಿದೆ.

ಮನೆಯಲ್ಲಿ ನಾವು ಉರ್ದು, ಕನ್ನಡ ಎರಡನ್ನೂ ಕಲಸಿ ಮಾತಾಡುತ್ತೇವೆ. ಜಗಳ ಮಾತ್ರ ಕನ್ನಡದಲ್ಲಿ. ಏಪ್ರಿಲಿನಲ್ಲಿ ಒಂದು ಭಾನುವಾರ, ಹೆಸರು ಹೇಳದೆ ಜಹೀರ್‌ಗೆ ವಿಷಯ ತಿಳಿಸಿದೆ.

"ಎಷ್ಟು ದಿನದಿಂದ ನಡೀತಿದೆ ಇದು?"

"ಎರಡು ತಿಂಗಳಾಯ್ತು."

"ಸೀರಿಯಸ್ಲೀ? ಬಗ್ ಇರೋದು ಕಾಣ್ತಿದೆ, ರಿಪೋರ್ಟ್ ಮಾಡ್ದೆ ನೀನೇ ಪ್ಯಾಚ್ ಹಾಕ್ತಾ ಇದ್ದೀಯ. ನಮ್ ಆಫೀಸಲ್ಲಾದ್ರೆ ಮೀಟಿಂಗ್ ಕರೀತಾರೆ."

"ಅವರು ಸಾಫ್ಟ್‌ವೇರ್ ಅಲ್ಲ ರೀ, ಡಾಕ್ಟ್ರು."

"ಅದಕ್ಕೇ ಹೇಳ್ತಿರೋದು."

ಮೂರು ದಿನ ಅವನ ಜೊತೆ ಮಾತು ಬಿಟ್ಟೆ. ಅವನು ಹೇಳಿದ್ದು ಸರಿಯಾಗಿತ್ತು, ಸಿಟ್ಟು ಬಂದದ್ದು ಅದಕ್ಕೇ.

ಮೇ ತಿಂಗಳ ಒಂದು ಮಂಗಳವಾರ ಗುನ್ವೋರ್ ಬಂದಿದ್ದಳು. ಎಪ್ಪತ್ತೆಂಟು ವರ್ಷ. ಮೂವತ್ತೊಂದು ವರ್ಷ ಸ್ಟಾಕ್‌ಹೋಮಿನಲ್ಲಿ ಬಸ್ಸು ಓಡಿಸಿದವಳು. ಮೂರನೇ ಮಹಡಿಯಲ್ಲಿ ಒಬ್ಬಳೇ ಇದ್ದಾಳೆ, ಲಿಫ್ಟ್ ಇದೆ ಆದರೆ ಹತ್ತುವುದಿಲ್ಲ. ಅವಳ ಸಂಧಿವಾತಕ್ಕೆ ಎರಡು ಗುಳಿಗೆ. ಒಂದು ಮೆಥೊಟ್ರೆಕ್ಸೇಟ್, ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ವಿಷ, ಜೀವವೇ ಹೋಗಬಹುದು. ಇನ್ನೊಂದು ವಿಟಮಿನ್ ಗುಳಿಗೆ, ಉಳಿದ ದಿನಗಳಿಗೆ. ಡಾಕ್ಟರ್ ಮೈಕಿಗೆ ಹೇಳಿದ್ದು ಹೀಗೆ: "ಇನ್ನು ಮುಂದೆ ಮೆಥೊಟ್ರೆಕ್ಸೇಟ್ ಪ್ರತಿದಿನ, ವಿಟಮಿನ್ ಶುಕ್ರವಾರ ಮಾತ್ರ. ರೋಗಿಗೆ ವಿವರಿಸಲಾಗಿದೆ." ಎರಡೂ ಅದಲುಬದಲು. ನಾನು ನಗುತ್ತಲೇ ಸರಿಮಾಡಿದೆ. ಮೆಥೊಟ್ರೆಕ್ಸೇಟ್ ಶುಕ್ರವಾರ, ವಿಟಮಿನ್ ಉಳಿದ ದಿನ. ಅವರು ಸಹಿ ಹಾಕಿದರು.

ರೋಗಿಗೆ ವಿವರಿಸಲಾಗಿದೆ ಎಂಬ ಮಾತನ್ನೂ ಟೈಪ್ ಮಾಡಿದ್ದೆ. ಏನೆಂದು ವಿವರಿಸಿರಬಹುದು ಎಂದು ನನಗೆ ಹೊಳೆಯಲಿಲ್ಲ. ನನ್ನ ಕಣ್ಣು ಕಾಗದದ ಮೇಲಿತ್ತು, ಕಾಗದ ಸರಿಯಾಗಿತ್ತು.

ಮುಂದಿನ ಸೋಮವಾರ ಗುನ್ವೋರ್ ಫೋನ್ ಮಾಡಿದಳು. ಬಾಯಿ ತುಂಬ ಹುಣ್ಣು, ನೀರು ಕುಡಿಯಲೂ ಆಗುತ್ತಿಲ್ಲ. ಓಸಾ ಕಂಪ್ಯೂಟರಿನಲ್ಲಿ ಅವಳ ಫೈಲು ತೆಗೆದಳು. ನಾನು ಪಕ್ಕದ ಮೇಜಿನಲ್ಲಿದ್ದೆ.

"ಮೆಥೊಟ್ರೆಕ್ಸೇಟ್ ಯಾವಾಗ ತಗೊಂಡೆ ಗುನ್ವೋರ್? ಶುಕ್ರವಾರ ತಾನೇ?" ಎಂದು ಓಸಾ ಕೇಳಿದಳು. ಆಮೇಲೆ ದನಿ ಏರಿಸಿ, ಒಂದೊಂದೇ ಪದ ಬಿಡಿಸಿ ಹೇಳಿದಳು. "ದಿನಾ? ದಿನಾ ಅಂತ ಯಾರು ಹೇಳಿದ್ದು? ಇಲ್ಲ, ಕ್ಲೈವ್ ಹಾಗೆ ಹೇಳಿಲ್ಲ. ವಾರಕ್ಕೊಂದೇ ಸಲ ಅಂತ ಇಲ್ಲಿ ಸ್ಪಷ್ಟವಾಗಿ ಬರೆದಿದೆ. ನೀನು ತಪ್ಪು ತಿಳಕೊಂಡಿದ್ದೀಯ."

ಆಂಬ್ಯುಲೆನ್ಸ್ ಹೋಯಿತು. ಗುನ್ವೋರ್ ಆಸ್ಪತ್ರೆ ಸೇರಿದಳು. ಆರು ದಿನ ದಿನಕ್ಕೊಂದು ವಾರದ ಪ್ರಮಾಣ ನುಂಗಿದ್ದಳು. ವಿಷ ಇಳಿಸುವ ಮದ್ದು ಕೊಟ್ಟರು, ಬದುಕುತ್ತಾಳೆ ಎಂದರು. ಓಸಾ ಡಾಕ್ಟರಿಗೆ ತಿಳಿಸಿದಾಗ ಅವರು ತಮ್ಮ ಟಿಪ್ಪಣಿ ತೆಗೆದು ಓದಿದರು. ಒಂಬತ್ತು ವರ್ಷದಲ್ಲಿ ಅವರು ನಾನು ಬರೆದದ್ದನ್ನು ಓದಿದ್ದನ್ನು ನೋಡಿದ್ದು ಅದೇ ಮೊದಲು. "ಪಾಪ, ಗುನ್ವೋರ್. ಎಷ್ಟು ಚುರುಕಾಗಿದ್ದಳು" ಎಂದರು. ನಾನು ಅವರ ಮುಖ ನೋಡಿದೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳುತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಆದರೂ ಬಾಯಿ ಬಿಡಲಿಲ್ಲ. ಸೋಮವಾರ, ಮಂಗಳವಾರ, ಬುಧವಾರ. ಹೇಳಿದರೆ ಅವರ ಕೆಲಸ ಹೋಗುತ್ತದೆ, ನನ್ನದೂ ಹೋಗಬಹುದು. ಗುನ್ವೋರ್ ಹೇಗೂ ಬದುಕುತ್ತಾಳೆ. ನನ್ನ ಮೂರು ದಿನದ ಬುದ್ಧಿವಂತಿಕೆ ಇಷ್ಟೇ.

ಗುರುವಾರ ಬೆಳಿಗ್ಗೆ ಕಿವಿಗೆ ಹೆಡ್‌ಫೋನ್ ಹಾಕಿದಾಗ ಡಾಕ್ಟರ್ ಹ್ಯಾಡ್ಲಿಯವರ ಹೊಸ ಡಿಕ್ಟೇಷನ್ ಇತ್ತು. ಗುನ್ವೋರಳ ಮಗಳು ತಾನಿರುವ ಗೊತೆಬೋರ್ಗ್ ಊರಿನಿಂದ ಫೋನ್ ಮಾಡಿದ್ದಳಂತೆ. ಅಮ್ಮ ಇನ್ನು ಒಬ್ಬಳೇ ಇರುವುದು ಅಪಾಯ, ವೃದ್ಧರ ವಸತಿಗೆ ಸೇರಿಸಬೇಕು, ಅದಕ್ಕೆ ಕೊಮ್ಯೂನ್‌ನವರು, ಅಂದರೆ ನಮ್ಮ ಕಡೆಯ ನಗರಸಭೆಯಂಥವರು, ವೈದ್ಯರ ಪತ್ರ ಕೇಳಿದ್ದಾರೆ. ಡಾಕ್ಟರ್ ಆ ಪತ್ರ ಹೇಳುತ್ತಿದ್ದರು. "ಸ್ಪಷ್ಟ ಸೂಚನೆ ನೀಡಿದ್ದರೂ ರೋಗಿ ಅದನ್ನು ನೆನಪಿಟ್ಟುಕೊಳ್ಳಲು ವಿಫಲಳಾಗಿದ್ದಾಳೆ. ನೆನಪಿನ ಶಕ್ತಿ ಕುಂದಿರುವ ಸಾಧ್ಯತೆ ಇದೆ. ಸ್ವತಂತ್ರವಾಗಿ ಬದುಕುವ ಸಾಮರ್ಥ್ಯ ಅನುಮಾನಾಸ್ಪದ. ಗುನ್ವೋರ್ ತಾನೂ ಅದನ್ನು ಒಪ್ಪಿಕೊಂಡಿದ್ದಾಳೆ."

ಕೊನೆಯ ಸಾಲನ್ನು ಮೂರು ಸಲ ಕೇಳಿದೆ. ಒಪ್ಪಿಕೊಂಡಿದ್ದಾಳೆ. ಸರಿಯಾಗಿ ಕೇಳಿಸಿಕೊಂಡು, ಸರಿಯಾಗಿ ನೆನಪಿಟ್ಟುಕೊಂಡು, ಹೇಳಿದ ಹಾಗೇ ನುಂಗಿದ ಹೆಂಗಸು, ತನ್ನ ತಲೆ ಕೆಟ್ಟಿದೆ ಎಂದು ಒಪ್ಪಿಕೊಂಡಿದ್ದಳು. ಯಾಕೆಂದರೆ ಕಾಗದದಲ್ಲಿ ಬೇರೆ ಇತ್ತು. ಆ ಕಾಗದ ನನ್ನದು. ನನಗೆ ನಾಚಿಕೆಯಾಯಿತು.

ಹಳೆಯ ಡಿಕ್ಟೇಷನ್ನುಗಳು ಮೂವತ್ತು ದಿನ ಅಳಿಯುವುದಿಲ್ಲ. ಹೆಡ್‌ಫೋನ್ ಕಿತ್ತುಕೊಂಡು ಡಾಕ್ಟರ ಕೋಣೆಗೆ ಹೋದೆ. ಅವರ ಕಂಪ್ಯೂಟರಿಗೆ ಸಿಕ್ಕಿಸಿ, ಆ ಮಂಗಳವಾರದ್ದನ್ನು ತೆಗೆದು, ಹೆಡ್‌ಫೋನನ್ನು ಅವರ ಕೈಗೆ ಕೊಟ್ಟೆ. ಅವರು ಕೇಳಿದರು. ಇನ್ನೊಮ್ಮೆ ಕೇಳಿದರು. ಪರದೆಯ ಮೇಲೆ ತಾವು ಸಹಿ ಹಾಕಿದ್ದನ್ನು ಓದಿದರು. ನಾವಿಬ್ಬರೇ ಇದ್ದಾಗ ಅವರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು.

"ಇದು ನನ್ನ ದನಿ."

"ಹೌದು ಡಾಕ್ಟ್ರೇ."

"ಇಲ್ಲಿ ಬರೆದಿರೋದು ನನ್ನ ಮಾತಲ್ಲ."

"ಅಲ್ಲ. ನಂದು."

"ಇದೊಂದೇನಾ?"

"ನಲವತ್ತಮೂರು ಸಲ. ಫೆಬ್ರವರಿಯಿಂದ."

ಅವರು ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ನೋಡಿದರು. ರೋಗಿಗಳ ಕೈ ನೋಡುವ ಹಾಗೆಯೇ.

"ಯಾಕೆ ಹೇಳಲಿಲ್ಲ?"

"ನೀವು ಡಾಕ್ಟ್ರು" ಎಂದೆ. ಇಷ್ಟು ವರ್ಷ ಸಾಕಾಗಿದ್ದ ಉತ್ತರ ಅದು.

ಆಗ ಅವರಿಗೆ ಸಿಟ್ಟು ಬಂತು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನಾಲ್ಕು ತಿಂಗಳು ನೀವು ನನಗೆ ಚಿಕಿತ್ಸೆ ಕೊಟ್ಟಿದ್ದೀರಿ, ಆಬಿದಾ. ಲೈಸೆನ್ಸ್ ಇಲ್ಲದೆ. ರೋಗಿಗೂ ತಿಳಿಸದೆ. ಫೆಬ್ರವರಿಯಲ್ಲೇ ಹೇಳಿದ್ದರೆ ಈ ಹೆಂಗಸು ಇವತ್ತು ಮನೆಯಲ್ಲಿರುತ್ತಿದ್ದಳು."

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಕಾಗದದ ಕರವಸ್ತ್ರದ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿ, ಆಸ್ಪತ್ರೆಗೆ ಫೋನ್ ಮಾಡಿದರು, ಸ್ಪೀಕರ್ ಹಾಕಿ. ನನ್ನನ್ನು ಅಲ್ಲೇ ಕೂರಿಸಿದರು.

"ಗುನ್ವೋರ್, ನಾನು ಕ್ಲೈವ್. ನೀನು ಏನೂ ಮರೆತಿಲ್ಲ. ದಿನಾ ತಗೋ ಅಂತ ನಾನೇ ಹೇಳಿದ್ದು. ತಪ್ಪು ನನ್ನದು. ಅದರ ಧ್ವನಿಮುದ್ರಣ ಈಗ ಕೇಳಿದೆ."

ಆ ಕಡೆಯಿಂದ ಬಾಯಿ ಹುಣ್ಣಿನ ತೊದಲು ದನಿ ಹೇಳಿತು. "ಇದನ್ನ ನನ್ನ ಮಗಳಿಗೂ ಹೇಳು. ಈಗಲೇ ಹೇಳು, ಅವಳು ನನ್ನ ಸೋಫಾ ಮಾರಕ್ಕೆ ಹೊರಟಿದ್ದಾಳೆ." ಮತ್ತೆ, "ನಿನಗೇನಾಗಿದೆ, ಕ್ಲೈವ್?" ಎಂದಳು.

"ಗೊತ್ತಿಲ್ಲ. ನೋಡಿಸಿಕೊಳ್ಳಬೇಕು" ಎಂದರು ಡಾಕ್ಟರ್.

ಮಗಳಿಗೆ ಹೇಳಿದರು. ಓಸಾಗೆ ಹೇಳಿದರು. ಕೊಮ್ಯೂನ್‌ಗೆ ಪತ್ರ ಹೋಗಲಿಲ್ಲ. ಆ ಮಧ್ಯಾಹ್ನದಿಂದ ಅವರು ಒಬ್ಬ ರೋಗಿಯನ್ನೂ ನೋಡಲಿಲ್ಲ. ನಾನು ನನ್ನ ತಪ್ಪಿನ ವರದಿಯನ್ನು ನಾನೇ ಟೈಪ್ ಮಾಡಿ ಕೊಟ್ಟೆ. ನನಗೆ ಲಿಖಿತ ಎಚ್ಚರಿಕೆ ಬಂತು, ಕೆಲಸ ಉಳಿಯಿತು. ನಲವತ್ತಮೂರು ಫೈಲುಗಳನ್ನೂ ಬೇರೆ ವೈದ್ಯರು ಎರಡು ವಾರ ಕೂತು ಪರೀಕ್ಷಿಸಿದರು. ಒಬ್ಬನ ಸರಿಯಿದ್ದ ಮೊಣಕಾಲಿಗೆ ಎಕ್ಸ್‌ರೇ ಆಗಿತ್ತು, ಅಷ್ಟೇ. ಗುನ್ವೋರ್ ಒಂಬತ್ತನೇ ದಿನ ಮನೆಗೆ ಹೋದಳು. ಈಗಲೂ ಮೂರನೇ ಮಹಡಿಯಲ್ಲೇ ಇದ್ದಾಳೆ. ಈಗ ಯಾವ ವೈದ್ಯರು ಏನು ಹೇಳಿದರೂ ಬರೆದುಕೊಡಿ ಎನ್ನುತ್ತಾಳಂತೆ, ಬರೆದುಕೊಟ್ಟರೆ ಓದಿ ಹೇಳಿ ಎನ್ನುತ್ತಾಳಂತೆ.

ಆ ಗುರುವಾರದ ಮರುದಿನ ಬೆಳಿಗ್ಗೆ ನಾನು ಟೈಪ್ ಮಾಡಬೇಕಾದವುಗಳ ಸಾಲಿನಲ್ಲಿ ಡಾಕ್ಟರ್ ಹ್ಯಾಡ್ಲಿಯವರ ಒಂದೇ ಒಂದು ಡಿಕ್ಟೇಷನ್ ಇತ್ತು. ನೆನಪಿನ ತೊಂದರೆಗಳ ತಜ್ಞರಿಗೆ ಒಬ್ಬ ರೋಗಿಯನ್ನು ಕಳಿಸುವ ಪತ್ರ. ರೋಗಿಯ ಹೆಸರು ಕ್ಲೈವ್ ಹ್ಯಾಡ್ಲಿ. ಯಾವತ್ತಿನ ಹಾಗೇ, ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಹೇಳುತ್ತಾ, ಆತುರವಿಲ್ಲದೆ ಹೇಳಿದ್ದರು. ವೃತ್ತಿ ವೈದ್ಯ. ಮದ್ಯ ಮಿತ, ಧೂಮಪಾನ ಇಲ್ಲ. ಕಳೆದ ನಾಲ್ಕು ತಿಂಗಳಿನಿಂದ ಪುನರಾವರ್ತನೆ, ಎಡಬಲಗಳ ಗೊಂದಲ, ಔಷಧಿಯ ಪ್ರಮಾಣದಲ್ಲಿ ಗಂಭೀರ ತಪ್ಪು. ರೋಗಿಗೆ ತನ್ನ ಸ್ಥಿತಿಯ ಅರಿವಿರಲಿಲ್ಲ. ಸಹೋದ್ಯೋಗಿಯೊಬ್ಬರು ಗಮನಿಸಿದ್ದಾರೆ. ಇಷ್ಟು ಚೊಕ್ಕವಾದ ಪತ್ರವನ್ನು ಆ ಕ್ಲಿನಿಕ್ಕಿನಲ್ಲಿ ಬೇರೆ ಯಾರೂ ಹೇಳಲಾರರು.

ಮೊದಲ ಸಾಲಿನಲ್ಲಿ ಮಾತ್ರ, "ರೋಗಿಗೆ ಐವತ್ತೆಂಟು ವರ್ಷ" ಎಂದಿದ್ದರು. ಪತ್ರದ ತಲೆಯಲ್ಲಿ ಪರ್ಸೂನ್‌ನುಮ್ಮೆರ್ ತಾನಾಗಿಯೇ ಅಚ್ಚಾಗಿರುತ್ತದೆ. ಈ ದೇಶದಲ್ಲಿ ಪ್ರತಿಯೊಬ್ಬರಿಗೂ ಕೊಡುವ ಆ ಸಂಖ್ಯೆ ಹುಟ್ಟಿದ ಇಸವಿಯಿಂದ ಶುರುವಾಗುತ್ತದೆ. ಅದರ ಪ್ರಕಾರ ಅವರಿಗೆ ಅರವತ್ತೇಳು.

ನನ್ನ ಬೆರಳು ಆರರ ಮೇಲೆ ಹೋಗಿತ್ತು. ಅಲ್ಲಿಂದ ತೆಗೆಯಲು ಎಷ್ಟು ಹೊತ್ತು ಹಿಡಿಯಿತೆಂದು ಹೇಳಲಾರೆ. ಐವತ್ತೆಂಟು ಎಂದೇ ಟೈಪ್ ಮಾಡಿದೆ. ಪತ್ರ ತೆರೆದ ತಜ್ಞರು ಮೊದಲು ನೋಡಬೇಕಾದದ್ದು ಅದನ್ನೇ.

ಸಹಿಗೆಂದು ಕರೆದಾಗ ಅವರು ನನ್ನ ಮೇಜಿಗೇ ಬಂದರು. ಕನ್ನಡಕ ಹಾಕಿಕೊಂಡು, ಪರದೆಯ ಮೇಲೆ ಬೆರಳಿಟ್ಟು, ತಲೆಯ ಸಂಖ್ಯೆಯಿಂದ ಹಿಡಿದು ಕೊನೆಯ ಸಾಲಿನವರೆಗೆ ನಿಧಾನವಾಗಿ ಓದಿದರು.

"ಏನೂ ತಿದ್ದಿಲ್ಲ ತಾನೇ?"

"ಇಲ್ಲ ಡಾಕ್ಟ್ರೇ. ಒಂದು ಪದವನ್ನೂ ತಿದ್ದಿಲ್ಲ."

ಇನ್ನೊಮ್ಮೆ ಮೊದಲಿನಿಂದ ಓದಿದರು.

"ಎಲ್ಲಾ ಸರಿಯಾಗಿದೆ" ಎಂದು ಸಹಿ ಹಾಕಿದರು.